ಸಹಾಯ ಬೇಕು: ಕಿಡ್ನಿ ಕಸಿಯಾದವರ ಹೃದಯದಲ್ಲಿ ಲಿಂಫೋಮಾ (ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್), ಮೊದಲ ಕೀಮೋ ಹೇಗೆ ಕೊಡುವುದು?

ರೋಗಿ ಟ್ಯಾಕ್ರೊಲಿಮಸ್ (ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ) ಮೇಲಿದ್ದಾರೆ. ಬಲ ಹೃತ್ಕರ್ಣದಲ್ಲಿ ಗಡ್ಡೆ, ಹೃದಯದ ಹೊರಪೊರೆಯಲ್ಲಿ ನೀರು. ಆ ನೀರಿನಲ್ಲಿ ಪರೀಕ್ಷೆಗೆ ಸಾಕಾಗುವಷ್ಟು ಜೀವಕೋಶ ಸಿಗಲಿಲ್ಲ. ರಕ್ತನಾಳದ ಮೂಲಕ ತೆಗೆದ ಬಯಾಪ್ಸಿಯಲ್ಲಿ ದೊಡ್ಡ ಬಿ-ಕೋಶದ ಲಿಂಫೋಮಾ, ಸಿಡಿ20 (ರಿಟುಕ್ಸಿಮ್ಯಾಬ್ ಔಷಧಿ ಗುರಿಯಿಡುವ, ಬಿ-ಕೋಶದ ಮೇಲಿನ ಗುರುತು) ಮತ್ತು ಎಪ್‌ಸ್ಟೀನ್-ಬಾರ್ ವೈರಸ್ ಎರಡೂ ಪಾಸಿಟಿವ್. ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಹೆಚ್ಚಿಸಿರಲಿಲ್ಲ. ಹೆಚ್ಚಿಸಿದ್ದರೆ ಗಡ್ಡೆ ಕುಗ್ಗಿ ರೋಗನಿರ್ಣಯವೇ ಕೈತಪ್ಪಬಹುದಿತ್ತು.

ಆತಂಕ ಇರುವುದು ಇಲ್ಲಿ: ಗಡ್ಡೆ ಹೃದಯದ ಗೋಡೆಯೊಳಗೇ ಬೆಳೆದಿದೆ. ಆರ್-ಚಾಪ್ (ರಿಟುಕ್ಸಿಮ್ಯಾಬ್, ಡಾಕ್ಸೊರುಬಿಸಿನ್, ಪ್ರೆಡ್ನಿಸೊಲೋನ್ ಸೇರಿ ಐದು ಔಷಧಿಗಳ ಚಿಕಿತ್ಸೆ) ಪೂರ್ತಿ ಡೋಸ್‌ಗೆ ಅದು ಥಟ್ಟನೆ ಕರಗಿದರೆ ಗೋಡೆ ಹರಿಯಬಹುದು, ಬಡಿತದ ಲಯ ತಪ್ಪಬಹುದು, ತುಣುಕು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಟ್ಯಾಕ್ರೊಲಿಮಸ್ ಇಳಿಸಲಾಗಿದೆ, ಹೆಪಟೈಟಿಸ್ ಬಿ ನೆಗೆಟಿವ್.

ಗಡ್ಡೆ ನಿಧಾನವಾಗಿ ಕರಗಲೆಂದು ಮೊದಲು ಬರೀ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್) ಕೊಟ್ಟು, ಆಮೇಲೆ ರಿಟುಕ್ಸಿಮ್ಯಾಬ್ ಶುರು ಮಾಡಿದವರಿದ್ದೀರಾ? ಎಷ್ಟು ದಿನ ಅಂತರ? ಮೊದಲ ಸುತ್ತಿನಲ್ಲಿ ಡಾಕ್ಸೊರುಬಿಸಿನ್ ಅನ್ನು ಚದರ ಮೀಟರಿಗೆ 50 ಮಿ.ಗ್ರಾಂನಿಂದ ಎಷ್ಟಕ್ಕೆ ಇಳಿಸಿದಿರಿ? ದಯವಿಟ್ಟು ಬೇಗ ತಿಳಿಸಿ.