ಶವ ಕೆಡದಂತಿಡುವ ಎಂಬಾಮಿಂಗ್ ದ್ರವದಲ್ಲಿ ಏನೇನಿರುತ್ತದೆ? ಅಂಗರಚನಾಶಾಸ್ತ್ರದ ಪ್ರಾಧ್ಯಾಪಕಿಯ ಉತ್ತರಗಳು

ಪ್ರಶ್ನೆ (ಕುಂದಾಪುರದಿಂದ): ಮೇಡಂ, ನಮ್ಮ ಭಾವ ದುಬೈಯಲ್ಲಿ ತೀರಿಕೊಂಡರು. ಶರೀರದ ಜೊತೆ ಎಂಬಾಮಿಂಗ್ ಪ್ರಮಾಣಪತ್ರವೂ ಬಂದಿತ್ತು. ಪೆಟ್ಟಿಗೆ ತೆರೆದಾಗ ಎಲ್ಲರಿಗೂ ಕಣ್ಣುರಿ. ಕೈಕಾಲು ಮಡಚಲಾಗದಷ್ಟು ಗಟ್ಟಿ, ಮುಖದಲ್ಲಿ ಮಾತ್ರ ಕೆಂಪು ಕಳೆ. ಒಳಗೆ ಏನು ಹಾಕಿರುತ್ತಾರೆ?

ಉತ್ತರ: ಕಣ್ಣುರಿಗೆ ಕಾರಣ ಫಾರ್ಮಾಲ್ಡಿಹೈಡ್. ಅದು ಅನಿಲ, ನೀರಿನಲ್ಲಿ ಶೇ. 37ರಿಂದ 40ರಷ್ಟು ಕರಗಿಸಿದರೆ ಫಾರ್ಮಾಲಿನ್. ಅದನ್ನು ಇನ್ನಷ್ಟು ತೆಳುಮಾಡಿ ತೊಡೆಯ ಅಥವಾ ಕುತ್ತಿಗೆಯ ಅಪಧಮನಿಯ ಮೂಲಕ ದೇಹಕ್ಕೆ ಹರಿಸುತ್ತಾರೆ. ಅದು ಪ್ರೋಟೀನ್ ಎಳೆಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಬೆಸೆದ ಮಾಂಸವನ್ನು ಬ್ಯಾಕ್ಟೀರಿಯಾಗಳು ಕೊಳೆಸಲಾರವು, ಜೀವಕೋಶಗಳೊಳಗಿನ ಕಿಣ್ವಗಳೂ ಕೆಲಸ ನಿಲ್ಲಿಸುತ್ತವೆ. ನೀವು ಕಂಡ ಗಟ್ಟಿತನವೂ ಆ ಬೆಸುಗೆಯದೇ.

ಉಳಿದವುಗಳಲ್ಲಿ ಹೆಚ್ಚಿನವು ಫಾರ್ಮಾಲಿನ್ ಮಾಡುವ ಅವಾಂತರ ಸರಿಪಡಿಸಲು ಬಂದವು. ಅದು ಚರ್ಮವನ್ನು ಒಣಗಿಸುತ್ತದೆ, ಆದ್ದರಿಂದ ತೇವ ಹಿಡಿದಿಡಲು ಗ್ಲಿಸರಿನ್. ಮೈಬಣ್ಣವನ್ನು ಬೂದುಗಟ್ಟಿಸುತ್ತದೆ, ಆದ್ದರಿಂದ ಇಯೋಸಿನ್‌ನಂತಹ ಕೆಂಪು ಬಣ್ಣ; ನೀವು ಕಂಡ ಕಳೆ ಬಹುಶಃ ಅದೇ. ಶೇಖರಿಸಿಟ್ಟರೆ ತಳದಲ್ಲಿ ಬಿಳಿ ಗಷ್ಟು ಕಟ್ಟುತ್ತದೆ, ಅದನ್ನು ತಡೆಯಲು ಮೆಥನಾಲ್. ಆಮ್ಲೀಯತೆ ಏರದಂತೆ ಬೋರಾಕ್ಸ್. ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚದಂತೆ ಸೋಡಿಯಂ ಸಿಟ್ರೇಟ್. ಕೆಲವರು ಸುಗಂಧ ತೈಲವನ್ನೂ ಬೆರೆಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ: ಘಾಟು ಮರೆಯಾಗುತ್ತದೆ, ಅನಿಲ ಅಲ್ಲೇ ಇರುತ್ತದೆ.

ಮರುಪ್ರಶ್ನೆ (ಅವರಿಂದಲೇ): ಕಾಮಾಲೆಯಿಂದ ತೀರಿಕೊಂಡವರ ಮುಖ ಹಸಿರಾಗುತ್ತದೆ ಎನ್ನುತ್ತಾರಲ್ಲ?

ಉತ್ತರ: ಆಗಬಹುದು. ಕಾಮಾಲೆಯಲ್ಲಿ ಮೈಯಲ್ಲಿ ತುಂಬುವ ಹಳದಿ ವರ್ಣದ್ರವ್ಯ ಬಿಲಿರುಬಿನ್, ಫಾರ್ಮಾಲ್ಡಿಹೈಡ್ ತಾಗಿ ಹಸಿರು ಬಿಲಿವರ್ಡಿನ್ ಆಗುತ್ತದೆ. ಅನುಭವಿಗಳು ಅಂತಹ ಶರೀರಕ್ಕೆ ಫಾರ್ಮಾಲಿನ್ ಕಡಿಮೆ ಇರುವ ದ್ರವ ಬಳಸುತ್ತಾರೆ.

ಪ್ರಶ್ನೆ (ದಾವಣಗೆರೆಯಿಂದ): ದೇಹದಾನ ಮಾಡಿದವರಿಗೂ ಇದೇ ದ್ರವವೇ?

ಉತ್ತರ: ಮೂಲ ಅದೇ, ಉದ್ದೇಶ ಬೇರೆ. ವಿಮಾನದಲ್ಲಿ ಬರುವ ಶರೀರ ಕೆಲವು ದಿನ ಉಳಿದರೆ ಸಾಕು. ನಮ್ಮ ಮೇಜಿನ ಮೇಲಿನದು ತಿಂಗಳುಗಟ್ಟಲೆ ಉಳಿಯಬೇಕು. ಅಷ್ಟು ಕಾಲದಲ್ಲಿ ಬೂಷ್ಟು ದೊಡ್ಡ ಶತ್ರು. ಅದಕ್ಕೆ ಫೀನಾಲ್, ಕೆಲವೆಡೆ ಥೈಮಾಲ್. ಮುಖದ ಕಳೆಗೆ ಬಣ್ಣ ಬೇಕಾಗುವುದಿಲ್ಲ. ಶಸ್ತ್ರಚಿಕಿತ್ಸಕರ ತರಬೇತಿಗಾದರೆ ಕೀಲುಗಳು ಮಡಚಬೇಕು. ಆಸ್ಟ್ರಿಯಾದ ಗ್ರಾಜ್ ನಗರದ ವಾಲ್ಟರ್ ಥೀಲ್ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಲವಣಗಳು, ಬೋರಿಕ್ ಆಮ್ಲ, ಗ್ಲೈಕಾಲ್‌ಗಳದೇ ಮೇಲುಗೈ, ಫಾರ್ಮಾಲಿನ್ ಅತ್ಯಲ್ಪ. ಖರ್ಚು ಜಾಸ್ತಿ.

ಪ್ರಶ್ನೆ (ಹಾಸನದಿಂದ): ಸಾವಿನ ಬಗ್ಗೆ ಅನುಮಾನವಿದ್ದರೆ ಎಂಬಾಮಿಂಗ್ ಮಾಡಿಸಬಹುದೇ?

ಉತ್ತರ: ಮರಣೋತ್ತರ ಪರೀಕ್ಷೆಯಾಗಿ ಮಾದರಿಗಳನ್ನು ತೆಗೆದಿಟ್ಟ ಮೇಲೆ ಮಾತ್ರ. ಸಯನೈಡ್‌ನಂತಹ ವಿಷ ಫಾರ್ಮಾಲ್ಡಿಹೈಡ್ ಜೊತೆ ವರ್ತಿಸಿ ಗುರುತು ಸಿಗದಂತಾಗಬಹುದು. ಕಳ್ಳಭಟ್ಟಿಯಲ್ಲಿ ಜೀವ ತೆಗೆಯುವ ಮೆಥನಾಲ್ ಈ ದ್ರವದಲ್ಲೇ ಇರುವುದರಿಂದ ಅಂತಹ ಪ್ರಕರಣಗಳಲ್ಲಂತೂ ಎಲ್ಲವೂ ಕಲಸಿಹೋಗುತ್ತದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಎಂಬಾಮಿಂಗ್‌ಗೆ ಆರ್ಸೆನಿಕ್ ಬಳಸುತ್ತಿದ್ದರು. ಶವದಲ್ಲಿ ಸಿಕ್ಕ ಆರ್ಸೆನಿಕ್ ಕೊಲೆಗಾರ ಕೊಟ್ಟದ್ದೋ ಎಂಬಾಮಿಂಗ್‌ನದೋ ಎಂದು ಹೇಳಲಾಗದ ಸ್ಥಿತಿ ಬಂದು, ಮುಂದೆ ಅದನ್ನು ನಿಷೇಧಿಸಬೇಕಾಯಿತು.

ಪ್ರಶ್ನೆ (ಕುಂದಾಪುರದಿಂದ): ನಾವೇ ಫಾರ್ಮಾಲಿನ್ ತಂದು ಮೈಮೇಲೆ ಸುರಿದರೆ ಶವ ಉಳಿಯುತ್ತದೆಯೇ?

ಉತ್ತರ: ದಯವಿಟ್ಟು ಬೇಡ. ಚರ್ಮ ಗಟ್ಟಿಯಾಗುತ್ತದೆ ಅಷ್ಟೆ. ಕೊಳೆಯುವಿಕೆ ಬಿರುಸಾಗುವುದು ಕರುಳಿನಲ್ಲಿ, ಅಲ್ಲಿಗೆ ಅದು ತಲುಪುವುದಿಲ್ಲ. ಜೊತೆಗೆ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ವರ್ಗೀಕರಿಸಿದೆ. ಒಂದೆರಡು ದಿನದ ಮಾತಾದರೆ ಫ್ರೀಜರ್ ಪೆಟ್ಟಿಗೆ ತರಿಸಿ. ಎಂಬಾಮಿಂಗ್ ಆಗಿ ಬಂದ ಶರೀರವಾದರೆ ಪೆಟ್ಟಿಗೆಯನ್ನು ಅಂಗಳದಲ್ಲೇ ತೆರೆದು, ಘಾಟು ಸ್ವಲ್ಪ ಹೋದ ಮೇಲೆ ಮಕ್ಕಳನ್ನು, ಉಬ್ಬಸದವರನ್ನು ಹತ್ತಿರ ಬಿಡಿ.