ಗ್ರಾಮಸಭೆಯಲ್ಲಿ ನಮ್ಮ ಮಾತು ಬರೆದುಕೊಳ್ಳುವುದೇ ಇಲ್ಲ, ಏನು ಮಾಡೋದು?

ಇಂಡಿ ಮಗಳು:
ಎಲ್ಲರಿಗೂ ನಮಸ್ಕಾರ. ತವರು ಇಂಡಿ ತಾಲ್ಲೂಕು. ಈಗ ಪುಣೆ ಹತ್ತಿರ ಮುಳಶಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೇವೆ. ಮಾಳಿಗೆ ಹತ್ತಿದರೆ ಹಿಂಜವಡಿಯ ಐಟಿ ಕಟ್ಟಡ ಕಾಣುತ್ತವೆ, ನಳದಲ್ಲಿ ನೀರು ಮಾತ್ರ ಕಾಣೋದಿಲ್ಲ. ಬೆಳಿಗ್ಗೆ ಹತ್ತೂವರೆಗೆ ಬಿಡುತ್ತಾರೆ. ಆಗ ನಾವೆಲ್ಲ ಕಂಪನಿ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುತ್ತಿರುತ್ತೇವೆ.

ಆಗಸ್ಟ್ 15ರ ಗ್ರಾಮಸಭೆಗೆ ಬಚತ್ ಗಟದ (ಸ್ವಸಹಾಯ ಸಂಘದ) ಹೆಂಗಸರು ಸೇರಿ ಹೋದೆವು. ಹಿಂದೆ ಚಾಪೆ ಮೇಲೆ ಕೂರಿಸಿದರು. ಕುರ್ಚಿಯಲ್ಲಿ ಸರಪಂಚ್ (ಪಂಚಾಯಿತಿ ಅಧ್ಯಕ್ಷೆ) ಅಕ್ಕ, ಮಾತೆಲ್ಲ ಅವರ ಯಜಮಾನರದು! ನೀರಿನ ಟೈಮ್ ಬದಲಿಸಿ ಅಂದೆ. ‘ಅಜೆಂಡಾದಲ್ಲಿ ಇಲ್ಲ’ ಅಂದರು. ನಡಾವಳಿ ಬರೆಯಬೇಕಾದ ಗ್ರಾಮಸೇವಕರು (ಪಂಚಾಯಿತಿ ಕಾರ್ಯದರ್ಶಿ) ಪೆನ್ನೇ ಎತ್ತಲಿಲ್ಲ. ಚಹಾ ಕುಡಿದು ಬಂದೆವು.

ಹೆಂಗಸರಿಗೆ ಬೇರೆ ಸಭೆ ಇದೆಯಂತೆ, ಹೌದಾ? ಮಗಳಿಗೆ ಈಗ 18. ಅವಳೂ ಬರಬಹುದಾ?

ಜಮಖಂಡಿ ಕಾಕಾ:
ತಂಗಿ, ಜಿಲ್ಲಾ ಪರಿಷತ್ತಿನಲ್ಲಿ ಗುಮಾಸ್ತನಾಗಿದ್ದು ರಿಟೈರ್ ಆದವನು ನಾನು. ಮಹಿಳಾ ಸಭೆ ಇದೆ. ಮಹಾರಾಷ್ಟ್ರದ ಕಾಯಿದೆಯಲ್ಲಿ ದೊಡ್ಡ ಗ್ರಾಮಸಭೆಗೆ ಮುಂಚೆ ಅದು ನಡೆಯಲೇಬೇಕು. ಎಷ್ಟೋ ಕಡೆ ಪುಸ್ತಕದಲ್ಲಿ ಸಹಿ ಹಾಕಿಸಿ ಮುಗಿಸುತ್ತಾರೆ. ಕಳೆದ ಸಭೆಯ ಪ್ರೊಸೀಡಿಂಗ್ (ನಡಾವಳಿ) ತೋರಿಸಿ ಅನ್ನಿ, ಗೊತ್ತಾಗುತ್ತದೆ.

ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ. ನೀರಿನ ವಿಷಯ ಅಕ್ಟೋಬರ್ 2ರ ಅಜೆಂಡಾಕ್ಕೆ ಹಾಕಿ ಅಂತ ಈಗಲೇ ಅರ್ಜಿ ಬರೆಯಿರಿ. ನೋಟಿಸ್ ಬಿದ್ದ ಮೇಲೆ ಕೊಟ್ಟರೆ ಮುಂದಿನ ಸಲ ನೋಡೋಣ ಅಂತಾರೆ. ನಕಲು ಪ್ರತಿ ಮೇಲೆ ಆವಕ (ಅರ್ಜಿ ಬಂದ) ನಂಬರ್, ಸಿಕ್ಕಾ (ಮೊಹರು) ಹಾಕಿಸಿಕೊಳ್ಳಿ. ಆ ಪೋಚ್ (ಸ್ವೀಕೃತಿ) ಇಲ್ಲದೆ ಆಫೀಸಿನಿಂದ ಹೊರಗೆ ಬರಬೇಡಿ. ಸಭೆಯಲ್ಲಿ ಠರಾವು (ನಿರ್ಣಯ) ಬರೆದು, ಓದಿ ಹೇಳುವ ತನಕ ಏಳಬೇಡಿ.

ಇನ್ನೊಂದು ಆಟ ಹೇಳುತ್ತೇನೆ. ಕೋರಂಗೆ, ಅಂದರೆ ಸಭೆ ನಡೆಯಲು, ಒಟ್ಟು ಮತದಾರರಲ್ಲಿ ಶೇ. 15 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಬೇಕು. ಸೇರದಿದ್ದರೆ ಸಭೆ ತಹಕೂಬ್, ಅಂದರೆ ಮುಂದಕ್ಕೆ. ಮುಂದೆ ನಡೆಯುವ ಆ ಸಭೆಗೆ ಕೋರಂ ಬೇಕಿಲ್ಲ, ನಾಲ್ಕು ಜನ ಕೂತು ಎಲ್ಲ ಪಾಸು! ಅದಕ್ಕೇ ಮೊದಲನೇ ಸಭೆಗೇ ಗುಂಪಾಗಿ ಹೋಗಿ.

ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ. 10 ಹೆಂಗಸರು ಮಕ್ಕಳಿಗೆ ಖರ್ಚಾಗಬೇಕು. ನಿಮ್ಮ ಕಡೆ ಘರಪಟ್ಟಿ (ಮನೆ ತೆರಿಗೆ) ಚೆನ್ನಾಗೇ ಬರುತ್ತದಲ್ವಾ? ಲೆಕ್ಕ ಕೇಳಿ.

ಯಜಮಾನರ ಜೊತೆ ಜಗಳಕ್ಕೆ ಇಳಿಯಬೇಡಿ. ಪ್ರಶ್ನೆ ಸರಪಂಚ್ ಅಕ್ಕನ ಮುಖ ನೋಡಿಯೇ ಕೇಳಿ. ಅರ್ಧ ಸೀಟು ಹೆಂಗಸರಿಗೆ ಇಟ್ಟಿರುವುದು ಗಂಡಂದಿರು ಮಾತಾಡಲಿ ಅಂತಲ್ಲ.

ಮಗಳು ಮತದಾರರ ಪಟ್ಟಿಗೆ ಸೇರಲು ಫಾರ್ಮ್ 6 ತುಂಬಲಿ. ಪಟ್ಟಿಯಲ್ಲಿ ಹೆಸರು ಬಂದರೆ ಅವಳೂ ಗ್ರಾಮಸಭೆ ಸದಸ್ಯೆ. ಚುನಾವಣೆಗೆ ನಿಲ್ಲಲು 21 ಆಗಬೇಕು.

ಜುವಾರಿನಗರದ ಹುಡುಗ:
ಗೋವಾದಲ್ಲಿ ಹೆಂಗಸರಿಗೆ ಮೂರರಲ್ಲಿ ಒಂದು ಭಾಗ ಸೀಟು. ಆದರೆ ಗ್ರಾಮಸಭೆ ಜಾಸ್ತಿ ಭಾನುವಾರವೇ ಇಡುತ್ತಾರೆ, ಕೆಲಸಕ್ಕೆ ಹೋಗುವವರಿಗೆ ಅನುಕೂಲ. ನಿಮ್ಮ ಮಹಿಳಾ ಸಭೆ ಸಂಜೆ ಇಡಿ ಅಂತ ಅದೇ ಅರ್ಜಿಯಲ್ಲಿ ಸೇರಿಸಿ ಅಕ್ಕಾ. ನಮ್ಮ ವಾರ್ಡಿನಲ್ಲಿ ದೊಡ್ಡವರು ವಿಷಯ ಹೇಳುತ್ತಾರೆ, ನಾವು ಹುಡುಗರು ಟೈಪ್ ಮಾಡಿ ಕೊಡುತ್ತೇವೆ.

ಪಿಂಪ್ರಿಯವ:
ಸುಮ್ನೆ ತಲೆನೋವು. ಏನೇ ಕೇಳಿದರೂ ‘ನೀವು ಕರ್ನಾಟಕದವರು’ ಅಂತ ಬಾಯಿ ಮುಚ್ಚಿಸುತ್ತಾರೆ.

ಇಂಡಿ ಮಗಳು:
ನನಗೂ ಅಂದಿದ್ದಾರೆ ಅಣ್ಣಾ. ಆದರೆ ಓಟು ಕೇಳೋಕೆ ಬಂದಾಗ ಯಾರೂ ಹಾಗೆ ಅನ್ನಲಿಲ್ಲ. ಕಾಕಾ, ಅರ್ಜಿ ಮಗಳೇ ಮರಾಠಿಯಲ್ಲಿ ಬರೆಯುತ್ತಿದ್ದಾಳೆ. ಬಚತ್ ಗಟದ ಸಿಕ್ಕಾ ಬೇಕಾ, ಬರೀ ಸಹಿ ಸಾಕಾ?

ಜಮಖಂಡಿ ಕಾಕಾ:
ಸಹಿ ಸಾಕು. ಪ್ರತಿ ಹೆಸರಿನ ಮುಂದೆ ಮತದಾರರ ಪಟ್ಟಿಯ ನಂಬರ್ ಬರೆಸಿ. ಎಲ್ಲಿಯವರು ಅಂತ ಕೇಳುವವರು ಅದನ್ನು ಮೊದಲು ಓದಲಿ.