ಸಿಸಿಎನ್‌ಎ 200-301: ಸಬ್‌ನೆಟ್ಟಿಂಗ್‌ಗೆ ಟೈಮ್ ಸಾಲ್ತಿಲ್ಲ, ಪುಣೆಯಲ್ಲಿ ಸೆಂಟರ್‌ಗೆ ಹೋಗಿ ಬರೆಯೋದಾ, ರೂಮಲ್ಲೇ ಬರೆಯೋದಾ?

ಹಿಂಜವಡಿ_ನೈಟ್‌ಶಿಫ್ಟ್

ಎಲ್ಲರಿಗೂ ನಮಸ್ಕಾರ. ಹಿಂಜವಡಿಯಲ್ಲಿ ನೆಟ್‌ವರ್ಕ್ ಸಪೋರ್ಟ್, ಎಲ್1 (ಮೊದಲ ಹಂತ). ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ ಸಿಸಿಎನ್‌ಎಗೆ ಇನ್ನು ಹತ್ತು ವಾರ ಇಟ್ಟುಕೊಂಡಿದ್ದೇನೆ. ವಿಡಿಯೊ ಕೋರ್ಸ್ ಒಂದು ಸುತ್ತು ಮುಗಿದಿದೆ, ಮಾಕ್ ಟೆಸ್ಟ್ ಮಾತ್ರ 65ರ ಮೇಲೆ ಹತ್ತುತ್ತಿಲ್ಲ. ಸಬ್‌ನೆಟ್ಟಿಂಗ್ (ಒಂದು ನೆಟ್‌ವರ್ಕನ್ನು ಚಿಕ್ಕ ನೆಟ್‌ವರ್ಕ್‌ಗಳಾಗಿ ಒಡೆಯುವ) ಲೆಕ್ಕ ಬರುತ್ತದೆ, ಆದರೆ ಒಂದಕ್ಕೆ ಮೂರು ನಿಮಿಷ ತಿನ್ನುತ್ತದೆ. ರೌಟಿಂಗ್ ಟೇಬಲ್ (ರೌಟರ್ ಇಟ್ಟುಕೊಳ್ಳುವ ದಾರಿಗಳ ಪಟ್ಟಿ) ಕೊಟ್ಟು "ಈ ಪ್ಯಾಕೆಟ್ ಯಾವ ಕಡೆ ಹೋಗುತ್ತೆ" ಅಂದರೆ ತಪ್ಪುತ್ತೇನೆ. ಲ್ಯಾಬ್ ಪ್ರಶ್ನೆಗೆ ಎಷ್ಟು ತಯಾರಿ ಬೇಕು?

ಇನ್ನೊಂದು ವಿಷಯ. ವಾಕಡ್‌ನ ಪಿಜಿಯಲ್ಲಿ ಒಂದು ರೂಮಿಗೆ ಮೂವರು. ಇಲ್ಲೇ ಆನ್‌ಲೈನ್ ಬರೆಯಬಹುದಾ? ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದೆ, ಸಿಸ್ಕೊ ಅಕೌಂಟ್‌ನಲ್ಲಿ ಇನಿಷಿಯಲ್ ಮಾತ್ರ ಇದೆ. ಇದರಿಂದ ತೊಂದರೆ ಆಗುತ್ತಾ? ಸ್ನೇಹಿತನೊಬ್ಬ ಡಂಪ್ಸ್ (ಪರೀಕ್ಷೆಯಿಂದ ಸೋರಿದ ಪ್ರಶ್ನೋತ್ತರ) ಪಿಡಿಎಫ್ ಕಳಿಸಿದ್ದಾನೆ, ಅದನ್ನು ಓದಬಹುದಾ ಅಂತಲೂ ಕೇಳಿಬಿಡುತ್ತೇನೆ.

ಗೇಟ್‌ವೇ_ಆಫ್_ಲಾಸ್ಟ್_ರಿಸಾರ್ಟ್

ಮೂರು ನಿಮಿಷ ಹಿಡಿಯುತ್ತಿದೆ ಅಂದರೆ ನೀವಿನ್ನೂ ಬೈನರಿ ಬಿಡಿಸುತ್ತಿದ್ದೀರಿ. ಅರ್ಥ ಮಾಡಿಕೊಳ್ಳಲು ಬೈನರಿ ಬೇಕು, ಪರೀಕ್ಷೆಯಲ್ಲಿ ಬೇಡ. ಬ್ಲಾಕ್ ಸೈಜ್ ಹಿಡಿಯಿರಿ: ಮಾಸ್ಕ್‌ನಲ್ಲಿ (ಅಡ್ರೆಸ್‌ನ ಎಷ್ಟು ಭಾಗ ನೆಟ್‌ವರ್ಕ್‌ನದ್ದು ಎಂದು ಹೇಳುವ ಸಂಖ್ಯೆ) 255 ಅಥವಾ 0 ಅಲ್ಲದ ಆಕ್ಟೆಟ್ (ಚುಕ್ಕೆಗಳ ನಡುವಿನ ಸಂಖ್ಯೆ) ಯಾವುದೋ ಅದನ್ನು 256ರಿಂದ ಕಳೆಯಿರಿ.

ಉದಾಹರಣೆಗೆ 172.16.45.77/21 (/21 ಅಂದರೆ ಮೊದಲ 21 ಬಿಟ್ ನೆಟ್‌ವರ್ಕ್‌ನದ್ದು). ಮಾಸ್ಕ್ 255.255.248.0, ಬ್ಲಾಕ್ 8. ಮೂರನೇ ಆಕ್ಟೆಟ್ 45. ಅದಕ್ಕಿಂತ ಹಿಂದಿನ 8ರ ಗುಣಕ 40, ಮುಂದಿನದು 48. ನೆಟ್‌ವರ್ಕ್ 172.16.40.0, ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಟ್ಟಿಗೆ ಕಳಿಸುವ ಕೊನೆಯ ಅಡ್ರೆಸ್) 172.16.47.255, ಹೋಸ್ಟ್ (ಯಂತ್ರಗಳಿಗೆ ಕೊಡಬಹುದಾದ ಅಡ್ರೆಸ್) 2046. ವೈಲ್ಡ್‌ಕಾರ್ಡ್ ಕೇಳಿದರೆ ಮಾಸ್ಕನ್ನು 255ರಿಂದ ಕಳೆದರಾಯಿತು: 0.0.7.255. ಇಷ್ಟಕ್ಕೆ 30 ಸೆಕೆಂಡ್ ಸಾಕು. ದಿನಕ್ಕೆ 20 ಲೆಕ್ಕ, ಗಡಿಯಾರ ಇಟ್ಟುಕೊಂಡು, ಮೂರು ವಾರ ಮಾಡಿ. /25ರಿಂದ /30ರವರೆಗಿನದ್ದು ಎಲ್ಲರಿಗೂ ಬೇಗ ಕೂರುತ್ತದೆ. ಎಡವುವುದು /17ರಿಂದ /23ರಲ್ಲಿ, ಅಲ್ಲೇ ಹೆಚ್ಚು ಹೊತ್ತು ಕಳೆಯಿರಿ.

"ಇವುಗಳಲ್ಲಿ ಯಾವುದನ್ನು ಕಂಪ್ಯೂಟರ್‌ಗೆ ಕೊಡಬಹುದು" ಎನ್ನುವ ಪ್ರಶ್ನೆಯಲ್ಲಿ ಎರಡು ಗುಂಡಿ ಇರುತ್ತವೆ. 192.168.5.95/27 ನೋಡಲು ಸಾದಾ ಅಡ್ರೆಸ್, ಆದರೆ ಅದು 64ರಿಂದ ಶುರುವಾಗುವ ಬ್ಲಾಕಿನ ಬ್ರಾಡ್‌ಕಾಸ್ಟ್. ಇತ್ತ 10.0.3.0/22 ಕೊನೆಗೆ ಸೊನ್ನೆ ಇದೆ ಅಂತ ಹೊಡೆದು ಹಾಕುತ್ತಾರೆ. ಆ ನೆಟ್‌ವರ್ಕ್ 10.0.0.0ರಿಂದ 10.0.3.255ರವರೆಗೆ, ಹಾಗಾಗಿ ಅದು ಸರಿಯಾದ ಹೋಸ್ಟ್ ಅಡ್ರೆಸ್.

ವಿಎಲ್‌ಎಸ್‌ಎಂ (ಬೇರೆ ಬೇರೆ ಅಳತೆಯ ಸಬ್‌ನೆಟ್ ಮಾಡುವುದು) ಬಂದರೆ ದೊಡ್ಡದರಿಂದ ಶುರು ಮಾಡಿ. 192.168.20.0/24ರಲ್ಲಿ 100, 50, 20 ಹೋಸ್ಟ್ ಮತ್ತು ಒಂದು ಪಾಯಿಂಟ್-ಟು-ಪಾಯಿಂಟ್ ಲಿಂಕ್ ಬೇಕಿದ್ದರೆ .0/25, .128/26, .192/27, .224/30. ಚಿಕ್ಕದರಿಂದ ಹೊರಟು ಮೊದಲ /30 ಕೊಟ್ಟ ಮೇಲೆ ಮುಂದಿನ /27ನ್ನು .4ರಿಂದ ಶುರು ಮಾಡುವವರು ಬಹಳ. /27 ಶುರುವಾಗುವುದು 32ರ ಗುಣಕದಲ್ಲಿ ಮಾತ್ರ.

ಇನ್ನು ರೌಟಿಂಗ್ ಟೇಬಲ್. ನಿಮಗೆ ತಪ್ಪುತ್ತಿರುವುದು ಬಹುಶಃ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ದಾರಿ ಹೇಳಿದವರನ್ನು ಎಷ್ಟು ನಂಬಬೇಕು ಎನ್ನುವ ಅಂಕ, ಕಡಿಮೆ ಇದ್ದಷ್ಟೂ ಮೇಲು) ಮೊದಲು ನೋಡುವುದರಿಂದ. ಪ್ಯಾಕೆಟ್ 10.1.1.130ಕ್ಕೆ ಹೋಗಬೇಕು, ಟೇಬಲ್‌ನಲ್ಲಿ 10.1.0.0/16 ಸ್ಟ್ಯಾಟಿಕ್ (ಕೈಯಲ್ಲಿ ಬರೆದ ದಾರಿ), 10.1.1.0/24 ಓಎಸ್‌ಪಿಎಫ್, 10.1.1.128/25 ರಿಪ್ (ಇವೆರಡು ರೌಟರ್‌ಗಳು ತಾವೇ ದಾರಿ ಹಂಚಿಕೊಳ್ಳುವ ಪ್ರೋಟೊಕಾಲ್). ಸ್ಟ್ಯಾಟಿಕ್‌ಗೆ ಡಿಸ್ಟೆನ್ಸ್ 1, ಓಎಸ್‌ಪಿಎಫ್‌ಗೆ 110, ರಿಪ್‌ಗೆ 120 ಅಂತ ಬಾಯಿಪಾಠ ಇರುವವರೆಲ್ಲ ಸ್ಟ್ಯಾಟಿಕ್ ಆರಿಸುತ್ತಾರೆ. ಉತ್ತರ ರಿಪ್. ಪ್ಯಾಕೆಟ್ ಕಳಿಸುವಾಗ ಅತಿ ಉದ್ದದ ಪ್ರಿಫಿಕ್ಸ್ (ಗೆರೆಯ ನಂತರದ ಸಂಖ್ಯೆ ಅತಿ ದೊಡ್ಡದಿರುವುದು) ಗೆಲ್ಲುತ್ತದೆ. ಡಿಸ್ಟೆನ್ಸ್‌ನ ಕೆಲಸ ಅದಕ್ಕೂ ಮೊದಲೇ ಮುಗಿದಿರುತ್ತದೆ: ಒಂದೇ ಪ್ರಿಫಿಕ್ಸನ್ನು ಇಬ್ಬರು ಹೇಳಿದಾಗ ಯಾರ ಮಾತನ್ನು ಟೇಬಲ್‌ಗೆ ಸೇರಿಸಬೇಕು ಅನ್ನುವುದಷ್ಟೇ. ಐಪಿ ಕನೆಕ್ಟಿವಿಟಿ ಭಾಗಕ್ಕೆ 25% ತೂಕ, ಬೇರೆ ಯಾವುದಕ್ಕೂ ಅಷ್ಟಿಲ್ಲ.

ಒಟ್ಟು 120 ನಿಮಿಷ. ಮುಂದೆ ಒತ್ತಿದ ಮೇಲೆ ಹಿಂದಿನ ಪ್ರಶ್ನೆಗೆ ಮರಳಲು ಬಿಡುವುದಿಲ್ಲ. "ಆಮೇಲೆ ನೋಡೋಣ" ಅನ್ನುವ ನಮ್ಮ ಪಿಯುಸಿ ಅಭ್ಯಾಸ ಇಲ್ಲಿ ನಡೆಯಲ್ಲ. ಎರಡು ನಿಮಿಷದಲ್ಲಿ ಹೊಳೆಯದಿದ್ದರೆ ಇದ್ದುದರಲ್ಲಿ ಒಂದನ್ನು ಆರಿಸಿ ಮುಂದೆ ಹೋಗಿ. ಮಾಕ್ ಬರೆಯುವಾಗಲೂ ಹಿಂದೆ ಹೋಗುವ ಬಟನ್ ಮುಟ್ಟಬೇಡಿ.

ಬೆಳಗಾವಿ_ಟ್ರಂಕ್

ಲ್ಯಾಬ್ ಬಗ್ಗೆ ನಾ ಹೇಳ್ತೇನ್ರಿ. ಪ್ಯಾಕೆಟ್ ಟ್ರೇಸರ್ (ಕಂಪ್ಯೂಟರ್‌ನ್ಯಾಗ ನೆಟ್‌ವರ್ಕ್ ಕಟ್ಟಿ ನೋಡೋ ಸಾಫ್ಟ್‌ವೇರ್) ಪುಕ್ಕಟೆ ಸಿಗ್ತೈತಿ, ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯೊಳಗ ಹೆಸರು ಹಚ್ಚಿದ್ರ ಸಾಕು. ಹಳೇ ಸ್ವಿಚ್ ಕೊಂಡು ಪಿಜಿಯೊಳಗ ಇಡೋದು ಬ್ಯಾಡ, ಅದರ ಫ್ಯಾನ್ ಸಪ್ಪಳಕ್ಕ ಉಳಿದಿಬ್ಬರು ನಿಮ್ಮನ್ನ ಹೊರಗ ಹಾಕ್ತಾರ.

ಲ್ಯಾಬ್ ಸರಿ ಮಾಡೋದು ಎಲ್ಲರಿಗೂ ಬರ್ತೈತಿ. ಕೆಡಿಸಿ ನೋಡ್ರಿ. ಟ್ರಂಕ್ (ಹಲವು ವಿಲ್ಯಾನ್ ಒಯ್ಯೋ ಲಿಂಕ್) ಮ್ಯಾಲೆ ವಿಲ್ಯಾನ್ (ಸ್ವಿಚ್‌ನೊಳಗ ಬ್ಯಾರೆ ಮಾಡಿದ ನೆಟ್‌ವರ್ಕ್) 10, 20 ಓಡಾಕತ್ತಾವ, ಈಗ 30 ಸೇರಿಸ್ಬೇಕು. "ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30" ಅಂತ ಹೊಡದ್ರಿ ಅಂದ್ರ 10, 20 ಎರಡೂ ಹೋದ್ವು, ಯಾಕಂದ್ರ ಅದು ಹಳೇ ಪಟ್ಟಿ ಅಳಿಸಿ ಹೊಸಾದು ಬರೀತೈತಿ. ನಡುವ "ಆಡ್" ಅನ್ನೂ ಶಬ್ದ ಬೇಕು. ಇದು ಪರೀಕ್ಷೆಯೊಳಗ ಒಂದು ಮಾರ್ಕಿನ ಮಾತು, ಕೆಲಸದಾಗ ರಾತ್ರಿ ಎರಡಕ್ಕ ಫೋನ್ ಬರೋ ಮಾತು.

ಓಎಸ್‌ಪಿಎಫ್ ನೇಬರ್ ಆಗವಲ್ದು ಅಂದ್ರ ಈ ಸಾಲಿನ್ಯಾಗ ನೋಡ್ರಿ: ಇಂಟರ್‌ಫೇಸ್ ಅಪ್ ಐತೇನು, ಎರಡೂ ಕಡೆ ಸಬ್‌ನೆಟ್ ಮತ್ತ ಮಾಸ್ಕ್ ಒಂದೇ ಏನು, ಏರಿಯಾ ಒಂದೇ ಏನು, ಹೆಲೋ ಮತ್ತ ಡೆಡ್ ಟೈಮರ್ ಕೂಡ್ತಾವೇನು (ಈಥರ್ನೆಟ್ ಮ್ಯಾಲೆ 10 ಮತ್ತ 40), ಪ್ಯಾಸಿವ್ ಮಾಡಿಟ್ಟೀರೇನು, ರೌಟರ್ ಐಡಿ ಎರಡಕ್ಕೂ ಒಂದೇ ಕೊಟ್ಟೀರೇನು. ನೇಬರ್ ಕಾಣಾಕತ್ತೈತಿ ಆದ್ರ ಎಕ್ಸ್‌ಸ್ಟಾರ್ಟ್ ಹಂತದಾಗ ಸಿಕ್ಕೊಂಡೈತಿ ಅಂದ್ರ ಮೊದಲ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ) ನೋಡ್ರಿ.

ಈಥರ್‌ಚಾನೆಲ್ (ಹಲವು ಲಿಂಕ್ ಕೂಡಿಸಿ ಒಂದು ಮಾಡೋದು): ಅದನ್ನ ಕೂಡಿಸೋ ಪ್ರೋಟೊಕಾಲ್ ಎಲ್‌ಎಸಿಪಿಯೊಳಗ ಪ್ಯಾಸಿವ್-ಪ್ಯಾಸಿವ್ ಇಟ್ರ ಇಬ್ಬರೂ ಕಾಯ್ಕೋತ ಕೂಡ್ತಾರ, ಏನೂ ಆಗೂದಿಲ್ಲ. ಒಂದ್ ಕಡೆ "ಆನ್", ಇನ್ನೊಂದ್ ಕಡೆ "ಆ್ಯಕ್ಟಿವ್" ಇಟ್ರೂ ಕೂಡೂದಿಲ್ಲ. ನ್ಯಾಟ್‌ನೊಳಗ (ಒಳಗಿನ ಅಡ್ರೆಸ್ ಹೊರಗಿನದಕ್ಕ ಬದಲಿಸೋದು) ಆ್ಯಕ್ಸೆಸ್ ಲಿಸ್ಟ್, ಓವರ್‌ಲೋಡ್ ಎಲ್ಲಾ ಬರದು ಇಂಟರ್‌ಫೇಸ್ ಮ್ಯಾಲೆ ಇನ್‌ಸೈಡ್, ಔಟ್‌ಸೈಡ್ ಹಾಕೋದು ಮರೀತಾರ. ಎಸ್‌ಎಸ್‌ಎಚ್‌ಗೆ (ದೂರದಿಂದ ಭದ್ರವಾಗಿ ಲಾಗಿನ್ ಆಗೋದು) ಹೋಸ್ಟ್‌ನೇಮ್, ಡೊಮೈನ್ ನೇಮ್, 2048 ಬಿಟ್ ಕೀ, ಲೋಕಲ್ ಯೂಸರ್, ಆಮ್ಯಾಲೆ ವಿಟಿವೈ (ದೂರದ ಲಾಗಿನ್) ಲೈನ್‌ನ್ಯಾಗ "ಲಾಗಿನ್ ಲೋಕಲ್" ಮತ್ತ "ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್". ಹೋಸ್ಟ್‌ನೇಮ್ ಬದಲಿ ಮಾಡ್ಲಾರದ ಕೀ ಮಾಡಾಕ ಹೋದ್ರ ರೌಟರ್ ಬೈತೈತಿ.

ಪರೀಕ್ಷೆ ಲ್ಯಾಬಿನ್ಯಾಗ ಕೆಲಸ ಪೂರ್ತಿ ಓದಿ ಆಮ್ಯಾಲೆ ಕೀಬೋರ್ಡ್ ಮುಟ್ರಿ. ಸೇವ್ ಮಾಡ್ರಿ ಅಂತ ಬರದಿದ್ರ ಕಾನ್ಫಿಗರೇಶನ್ ಸೇವ್ ಮಾಡೇ ಮುಂದ ಹೋಗ್ರಿ. ಒಂದು ಲ್ಯಾಬಿಗೆ 8ರಿಂದ 10 ನಿಮಿಷ, ಅದರ ಮ್ಯಾಲೆ ಕೂಡಬ್ಯಾಡ್ರಿ.

ಕೊತ್ರೂಡ್_ಕನ್ನಡತಿ

ತಾಂತ್ರಿಕ ಭಾಗ ಇಬ್ಬರೂ ಹೇಳಿದ್ದಾರೆ. ನಾನು ಬುಕಿಂಗ್ ಬಗ್ಗೆ ಬರೆಯುತ್ತೇನೆ.

ಹೆಸರು ಇವತ್ತೇ ಸರಿ ಮಾಡಿಸಿ. ಪರೀಕ್ಷೆ ನಡೆಸುವ ಪಿಯರ್ಸನ್ ವಿಯುಇ ಸೆಂಟರ್‌ನಲ್ಲಿ ಗುರುತಿನ ಚೀಟಿಯ ಹೆಸರು ಬುಕಿಂಗ್ ಹೆಸರಿಗೆ ಹೊಂದದಿದ್ದರೆ ಒಳಗೆ ಬಿಡದೆ ಇರಬಹುದು, ಶುಲ್ಕವೂ ಹೋದಂತೆ. ಅದು 300 ಡಾಲರ್, ಮೇಲೆ ತೆರಿಗೆ. ನಮ್ಮವರಿಗೆ ಈ ಗೋಳು ಜಾಸ್ತಿ: ಊರಿನ ದಾಖಲೆಯಲ್ಲಿ ಮುಂದೆ ಎರಡು ಇನಿಷಿಯಲ್, ಇಲ್ಲಿನ ಎಚ್‌ಆರ್ ಫಾರ್ಮ್‌ನಲ್ಲಿ ಮರಾಠಿ ಪದ್ಧತಿಯಂತೆ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಯಾವುದನ್ನು ತೋರಿಸುತ್ತೀರೋ ಅದರಲ್ಲಿ ಇರುವಂತೆಯೇ ಪ್ರೊಫೈಲ್‌ನಲ್ಲಿರಲಿ. ಪಾಸ್‌ಪೋರ್ಟ್ ಒಳ್ಳೆಯದು, ಫೋಟೊ ಸಹಿ ಎರಡೂ ಇರುತ್ತವೆ. ಜೊತೆಗೆ ಎರಡನೆಯದಾಗಿ ಪ್ಯಾನ್ ಕಾರ್ಡ್ ಒಯ್ಯಿರಿ. ಮೂಲ ಪ್ರತಿಯೇ ಬೇಕು, ಜೆರಾಕ್ಸ್ ನಡೆಯಲ್ಲ.

ಮೂವರಿರುವ ರೂಮಿನಲ್ಲಿ ಆನ್‌ಲೈನ್ ಬೇಡವೇ ಬೇಡ. ಯಾರಾದರೂ ಬಾಗಿಲು ತೆಗೆದು ಒಳಗೆ ಬಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಬಹುದು. ಪ್ರಶ್ನೆಯನ್ನು ಬಾಯಿಬಿಟ್ಟು ಓದಿಕೊಳ್ಳುವಂತಿಲ್ಲ. ಆಫೀಸ್ ಲ್ಯಾಪ್‌ಟಾಪ್ ಆದರೆ ವಿಪಿಎನ್, ಫೈರ್‌ವಾಲ್‌ನಿಂದಾಗಿ ಪರೀಕ್ಷೆಯ ಸಾಫ್ಟ್‌ವೇರ್ ಅರ್ಧದಲ್ಲಿ ಕೈಕೊಡಬಹುದು. ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವ ಬಡಾವಣೆಗಳೂ ಪುಣೆಯಲ್ಲಿವೆ. ಎಲ್ಲಕ್ಕಿಂತ ಮುಖ್ಯ, ಮನೆಯಿಂದ ಬರೆದರೆ ಕಾಗದ, ಪೆನ್ನು ಇಲ್ಲ. ಪರದೆ ಮೇಲಿನ ವೈಟ್‌ಬೋರ್ಡ್‌ನಲ್ಲಿ ಮೌಸ್ ಹಿಡಿದು ಸಬ್‌ನೆಟ್ ಲೆಕ್ಕ ಮಾಡಬೇಕು. ಸೆಂಟರ್‌ನಲ್ಲಿ ಒರೆಸಿ ಬರೆಯುವ ಬೋರ್ಡ್ ಮತ್ತು ಪೆನ್ನು ಕೊಡುತ್ತಾರೆ. ನಿಮ್ಮಂಥವರಿಗೆ ಇದೊಂದೇ ಕಾರಣ ಸಾಕು.

ವಾಕಡ್‌ನಿಂದ ಹೊರಡುವವರು ಬೆಳಗಿನ ಮೊದಲ ಸ್ಲಾಟ್ ಅಥವಾ ಶನಿವಾರ ಹಿಡಿಯಿರಿ. ಭೂಮ್ಕರ್ ಚೌಕದ ಟ್ರಾಫಿಕ್ ನಿಮಗೆ ನಾನು ಹೇಳಬೇಕಿಲ್ಲ. ನೈಟ್‌ಶಿಫ್ಟ್ ಮುಗಿಸಿ ನೇರ ಪರೀಕ್ಷೆಗೆ ಹೋಗಬೇಡಿ, ಹಿಂದಿನ ರಾತ್ರಿ ರಜೆ ಹಾಕಿ. ದಿನ ಬದಲಿಸಬೇಕಿದ್ದರೆ ಕನಿಷ್ಠ 24 ಗಂಟೆ ಮೊದಲೇ ಬದಲಿಸಬೇಕು.

ಹಿಂಜವಡಿ_ನೈಟ್‌ಶಿಫ್ಟ್

ಮೂವರಿಗೂ ಧನ್ಯವಾದ. ಹೆಸರು ಬದಲಿಸಲು ಸಪೋರ್ಟ್‌ಗೆ ಈಗಲೇ ಬರೆದೆ. ನನ್ನ ನೋಟ್ಸ್ 2021ರದ್ದು, ಸೀನಿಯರ್ ಕೊಟ್ಟಿದ್ದು. ನಡೆಯುತ್ತಾ? ಡಂಪ್ಸ್ ಬಗ್ಗೆ ಯಾರೂ ಹೇಳಲಿಲ್ಲ.

ಗೇಟ್‌ವೇ_ಆಫ್_ಲಾಸ್ಟ್_ರಿಸಾರ್ಟ್

ನೋಟ್ಸ್ ಬಹುಪಾಲು ನಡೆಯುತ್ತದೆ. ಪರೀಕ್ಷೆಯ ನಂಬರ್ 200-301 ಹಾಗೇ ಇದ್ದರೂ 2024ರ ಆಗಸ್ಟ್‌ನಿಂದ ಸಿಲೆಬಸ್ 1.1 ಆವೃತ್ತಿ. ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್‌ನಲ್ಲಿ (ಸಾಧನಗಳ ಸೆಟ್ಟಿಂಗನ್ನು ಸಾಫ್ಟ್‌ವೇರ್‌ನಿಂದ ನೋಡಿಕೊಳ್ಳುವುದು) ಪಪೆಟ್, ಶೆಫ್ ಹೋಗಿವೆ, ಆನ್ಸಿಬಲ್ ಉಳಿದಿದೆ, ಟೆರಾಫಾರ್ಮ್ ಹೊಸದಾಗಿ ಸೇರಿದೆ. ನೆಟ್‌ವರ್ಕ್ ಕೆಲಸದಲ್ಲಿ ಎಐ, ಮಷಿನ್ ಲರ್ನಿಂಗ್ ಬಳಕೆ ಸೇರಿದೆ. ಸ್ಪ್ಯಾನಿಂಗ್ ಟ್ರೀಯಲ್ಲಿ (ಸ್ವಿಚ್‌ಗಳ ನಡುವೆ ಸುತ್ತು ಬೀಳದಂತೆ ತಡೆಯುವ ವ್ಯವಸ್ಥೆ) ರೂಟ್ ಗಾರ್ಡ್, ಬಿಪಿಡಿಯು ಗಾರ್ಡ್ ನೋಡಿಕೊಳ್ಳಿ. ಸಿಸ್ಕೊ ತಾಣದಿಂದ ಸಿಲೆಬಸ್ ಪಟ್ಟಿ ಇಳಿಸಿ, ಒಂದೊಂದೇ ಸಾಲಿಗೆ ಟಿಕ್ ಹಾಕುತ್ತಾ ಬನ್ನಿ. ಅಲ್ಲಿ "ಕಾನ್ಫಿಗರ್" ಅಂತಿದ್ದರೆ ಕೈಯಲ್ಲಿ ಮಾಡಬೇಕು, "ಡಿಸ್ಕ್ರೈಬ್" ಅಂತಿದ್ದರೆ ಓದಿದರೆ ಸಾಕು.

ಡಂಪ್ಸ್ ಅಳಿಸಿ. ಫಲಿತಾಂಶ ರದ್ದು ಮಾಡುವ, ಮುಂದೆ ಕೂರದಂತೆ ತಡೆಯುವ ಹಕ್ಕು ಸಿಸ್ಕೊಗೆ ಇದೆ. ಅದಿರಲಿ, ಅವುಗಳಲ್ಲಿನ ಉತ್ತರಗಳೇ ಎಷ್ಟೋ ಕಡೆ ತಪ್ಪು. ಮೇಲೆ ಹೇಳಿದ ರಿಪ್ ಪ್ರಶ್ನೆಯಂಥದ್ದಕ್ಕೆ ಸ್ಟ್ಯಾಟಿಕ್ ಅಂತ ಗುರುತು ಹಾಕಿರುವ ಪಿಡಿಎಫ್‌ಗಳಿವೆ.

ಮೊದಲ ಸಲ ಆಗದಿದ್ದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು, ಶುಲ್ಕ ಮಾತ್ರ ಪೂರ್ತಿ ಕಟ್ಟಬೇಕು. ವಿಭಾಗವಾರು ಶೇಕಡಾವಾರು ತೋರಿಸುವ ಹಾಳೆ ಸಿಗುತ್ತದೆ, ಅದನ್ನು ಇಲ್ಲಿ ಹಾಕಿ, ನೋಡೋಣ.